ಲೇಸರ್ ಕೋಣೆಯ ಹೊರಗೆ ಸಿಕ್ಕವನು

"ಯಶೋಧಾ! ಗಲ್ಲ, ಮೇಲ್ತುಟಿ... ಲೇಸರ್! ಯಾರ್ರೀ ಯಶೋಧಾ?"

ಆರ್.ಟಿ. ನಗರದ ಆ ಚರ್ಮದ ಕ್ಲಿನಿಕ್‌ನಲ್ಲಿ ರಿಸೆಪ್ಷನ್ ಹುಡುಗಿ ಕೂಗಿದ್ದೇ ತಡ, ಕಾಯುತ್ತಾ ಕೂತಿದ್ದವರ ತಲೆಗಳೆಲ್ಲ ಒಟ್ಟಿಗೆ ಎದ್ದವು.

ಯಶೋಧಾಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮಾಸ್ಕನ್ನು ಕಣ್ಣಿನ ಕೆಳಗಿನವರೆಗೂ ಎಳೆದುಕೊಂಡಳು. ಎದ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ಏಳದಿದ್ದರೆ ಇವಳು ಮತ್ತೆ ಕೂಗುತ್ತಾಳೆ...

ಅಷ್ಟರಲ್ಲಿ ಎದುರು ಸಾಲಿನಿಂದ ಎತ್ತರದ ಯುವಕನೊಬ್ಬ ಎದ್ದು ನಿಂತ.

"ಮೇಡಂ, ನಂದೂ ಕೂಗ್ಬಿಡಿ! ವೇಣುಗೋಪಾಲ್, ಕುತ್ತಿಗೆ, ಲೇಸರ್! ಎಲ್ರಿಗೂ ಕೇಳ್ಸೋ ಹಾಗೆ!"

ಎಲ್ಲರೂ ನಕ್ಕರು. ನೋಟಗಳೆಲ್ಲ ಅವನತ್ತ ತಿರುಗಿದವು. ಯಶೋಧಾ ಸರಸರನೆ ಒಳಗೆ ಹೋದಳು. ಆದರೆ ಎದೆ ಉರಿಯುತ್ತಿತ್ತು. 'ನನ್ನನ್ನೇ ಆಡಿಕೊಂಡನಲ್ಲ!'

ಡಾಕ್ಟರನ್ನು ಕಂಡು ಹೊರಬಂದವಳು ಮೆಟ್ಟಿಲ ಬಳಿ ಅವನನ್ನು ತಡೆದಳು.

"ಏನ್ರೀ, ನನ್ ಕಷ್ಟ ನಿಮಗೆ ತಮಾಷೆನಾ?"

ಅವನು ಗಾಬರಿಯಾದ. "ಅಯ್ಯೋ, ಇಲ್ಲ ಕಣ್ರೀ! ಎಲ್ರೂ ನಿಮ್ಮನ್ನೇ ನೋಡ್ತಿದ್ರು... ಸ್ವಲ್ಪ ನನ್ ಕಡೆ ತಿರುಗ್ಲಿ ಅಂತ ಹಾಗ್ ಮಾಡ್ದೆ."

ಹೇಳುತ್ತಲೇ ಕಾಲರ್ ಕೆಳಗೆಳೆದ. ಕುತ್ತಿಗೆಯ ತುಂಬ ಕೆಂಪು ಗುಳ್ಳೆಗಳು. ಅಲ್ಲಲ್ಲಿ ರಕ್ತ ಒಣಗಿತ್ತು.

"ಏರ್‌ಪೋರ್ಟ್‌ನಲ್ಲಿ ಬೆಂಕಿ ಆರಿಸೋ ಕೆಲ್ಸ. ಹೊಗೆ ಒಳಗೆ ಹೋಗುವಾಗ ಹಾಕೋ ಮಾಸ್ಕು ಚರ್ಮಕ್ಕೆ ಅಂಟಿ ಕೂರ್ಬೇಕು. ಗಡ್ಡ ಇದ್ರೆ ಗಾಳಿ ಸೋರುತ್ತೆ. ದಿನಾ ಶೇವ್ ಮಾಡಿ ಮಾಡಿ ಕೂದ್ಲು ಒಳಗೇ ಸುತ್ಕೊಂಡು ಹಿಂಗಾಗಿದೆ."

ಯಶೋಧಾಳ ಕೋಪವೆಲ್ಲ ಇಳಿದುಹೋಯಿತು.

ಯಲಹಂಕ ಹಳೇ ಊರಿನ ಮನೆ, ಸೋಲದೇವನಹಳ್ಳಿಯ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ. ಹೊರಗಿನಿಂದ ನೋಡಿದರೆ ಯಶೋಧಾಳಿಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ಪಿಸಿಒಡಿ ಎಂಬ ಹಾರ್ಮೋನ್ ತೊಂದರೆ ಶುರುವಾದ ಮೇಲೆ ಗಲ್ಲದ ಮೇಲೆ ಒರಟು ಕೂದಲು ಬರತೊಡಗಿತ್ತು. ಪ್ರತಿ ಬೆಳಿಗ್ಗೆ ಬಚ್ಚಲಿನ ಚಿಲಕ ಹಾಕಿಕೊಂಡು, ಒಂದೊಂದನ್ನೇ ಕಿತ್ತು, ಉಳಿದ ಕಲೆಯನ್ನು ಮಾಸ್ಕಿನಲ್ಲಿ ಮುಚ್ಚಿಕೊಂಡು ಹೊರಡುತ್ತಿದ್ದಳು. ಸ್ಟಾಫ್ ರೂಮಿನಲ್ಲಿ ಯಾರ ಜೊತೆಗೂ ಕೂತು ಊಟ ಮಾಡುತ್ತಿರಲಿಲ್ಲ.

ಹೆಣ್ಣು ನೋಡಲು ಬಂದಿದ್ದ ಹುಡುಗನ ಅತ್ತೆಯೊಬ್ಬರು ಪ್ರೀತಿಯಿಂದ ಗಲ್ಲ ಹಿಡಿದು, ತಕ್ಷಣ ಕೈ ಹಿಂದಕ್ಕೆ ತೆಗೆದುಕೊಂಡಿದ್ದರು. ಆ ಸಂಬಂಧ ಮುಂದುವರಿಯಲಿಲ್ಲ. ಅಮ್ಮ ರಾಧಾಮಣಿ ಅದರ ಬಗ್ಗೆ ಏನೂ ಕೇಳದೆ, ಅರಿಶಿನದ ಬಟ್ಟಲನ್ನು ತಂದು ಮಗಳ ಪಕ್ಕದಲ್ಲಿಟ್ಟು ಹೋಗಿದ್ದರು.

ಕ್ಲಿನಿಕ್‌ನ ಡಾಕ್ಟರ್ ಸರಳಾ ಆ ಮೊದಲ ದಿನವೇ ನೇರವಾಗಿ ಹೇಳಿದ್ದರು. "ಪೂರ್ತಿ ಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ತುಂಬಾ ಕಮ್ಮಿ ಆಗುತ್ತೆ, ತೆಳುವಾಗುತ್ತೆ. ನಿಮ್ದು ಹಾರ್ಮೋನ್ ವಿಷ್ಯ, ಅದಕ್ಕೆ ಮಾತ್ರೆನೂ ಬೇಕು. ಮತ್ತೆ ಇವತ್ತಿಂದ ಕೀಳೋದು, ಥ್ರೆಡ್ಡಿಂಗ್ ಏನೂ ಬೇಡ. ಬೇರಿದ್ರೇನೇ ಲೇಸರ್ ಕೆಲ್ಸ ಮಾಡೋದು. ಬೇಕಾದ್ರೆ ಶೇವ್ ಮಾಡ್ಕೊಳ್ಳಿ."

ಶೇವ್! ಗಂಡಸಿನ ಹಾಗೆ! ಅಂದು ರಾತ್ರಿಯೆಲ್ಲ ದಿಂಬು ಒದ್ದೆಯಾಯಿತು.

ಮುಂದಿನ ಸಲ ಕ್ಲಿನಿಕ್‌ನಲ್ಲಿ ಮತ್ತೆ ವೇಣು ಸಿಕ್ಕ. ಅವಳ ಮಾಸ್ಕ್ ಜಾರಿದಾಗ ಗಲ್ಲದ ಮೇಲೆ ಕೊಯ್ದ ಗಾಯ ಕಂಡು ತಾನೇ ಮೆಲ್ಲಗೆ ಕೇಳಿದ.

"ರೇಜರ್ ಉಲ್ಟಾ ಎಳೆದ್ರಾ?"

ಅವಳು ತಲೆ ತಗ್ಗಿಸಿದಳು.

"ಕೂದ್ಲು ಬೆಳೆಯೋ ಕಡೆಗೇ ಎಳೀಬೇಕು ಕಣ್ರೀ. ಒತ್ಬಾರ್ದು. ಈ ವಿಷ್ಯದಲ್ಲಿ ನಾನು ನಿಮ್ಗಿಂತ ಸೀನಿಯರ್!"

ಯಶೋಧಾ ಫಕ್ಕನೆ ನಕ್ಕುಬಿಟ್ಟಳು. ಈ ವಿಷಯಕ್ಕೆ ತಾನು ನಗಬಲ್ಲೆ ಎಂದು ಅವಳಿಗೇ ಗೊತ್ತಿರಲಿಲ್ಲ!

ಆಮೇಲೆ ಇಬ್ಬರೂ ಒಂದೇ ದಿನ ಬರತೊಡಗಿದರು. ಕಪ್ಪು ಕನ್ನಡಕ, ತಣ್ಣನೆ ಜೆಲ್, ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂತೆ ಚಟ್ ಚಟ್ ಎನ್ನುವ ನೋವು, ಕೂದಲು ಸುಟ್ಟ ವಾಸನೆ... ಎಲ್ಲ ಮುಗಿದ ಮೇಲೆ ಪಕ್ಕದ ದರ್ಶಿನಿಯಲ್ಲಿ ಕಾಫಿ. ತಿಂಗಳುಗಳು ಕಳೆದಂತೆ ಅವನ ಕುತ್ತಿಗೆ ತಿಳಿಯಾಯಿತು. ಅವಳ ಗಲ್ಲ ನುಣುಪಾಯಿತು. ಒಂದು ದಿನ ಮಾಸ್ಕ್ ಹಾಕದೆಯೇ ಕ್ಲಾಸಿಗೆ ಹೋದಳು. ಅದನ್ನು ಮೊದಲು ಹೇಳಬೇಕೆನಿಸಿದ್ದು ವೇಣುವಿಗೇ.

ಹೆಬ್ಬಾಳ ಕೆರೆಯ ಏರಿಯ ಮೇಲೆ ಒಂದು ಸಂಜೆ ಅವನು ಕೇಳಿದ. "ಅಮ್ಮನ್ನ ನಿಮ್ಮನೆಗೆ ಕರ್ಕೊಂಡ್ ಬರ್ಲಾ?"

ಅವಳ ಕಣ್ಣುಗಳೇ ಹೂಂ ಅಂದವು.

ಆದರೆ ಅವರು ಬರುವ ದಿನ ನಿಗದಿಯಾಗುವ ಮೊದಲೇ, ಕನ್ನಡಿಯ ಮುಂದೆ ಯಶೋಧಾಳ ಬೆರಳುಗಳು ಗಲ್ಲದ ಮೇಲೆ ನಿಂತುಬಿಟ್ಟವು. ಮತ್ತೆ ಅದೇ ಒರಟು! ಒಂದಲ್ಲ, ಹಲವು...

ಅಳುತ್ತಲೇ ದರ್ಶಿನಿಗೆ ಬಂದವಳಿಗೆ ವೇಣು ಸಮಾಧಾನ ಹೇಳಿದ. "ಬಿಟ್ಬಿಡಿ ಯಶೋಧಾ! ಮತ್ತೆ ಬರೋದಾದ್ರೆ ಯಾಕೆ ಸುಮ್ನೆ ನೋವು ತಿಂತೀರ? ನಂಗೇನೂ ಅನ್ಸಲ್ಲ."

ಅವಳು ಕಾಫಿ ಲೋಟ ಕೆಳಗಿಟ್ಟಳು.

"ಸುಮ್ನೆನಾ? ನಿಮ್ಮ ಕುತ್ತಿಗೆ ಆದ್ರೆ ಕೆಲ್ಸದ ತೊಂದ್ರೆ, ನನ್ ಗಲ್ಲ ಆದ್ರೆ ಸುಮ್ನೆ! ಇಷ್ಟು ದಿನ ಇದನ್ನ ನಿಮಗೋಸ್ಕರ ಮಾಡಿಸ್ಕೊಂಡೆ ಅನ್ಕೊಂಡ್ರಾ?"

"ಯಶೋಧಾ, ನಾನು ಹೇಳಿದ್ದು..."

ಅವಳು ಆಗಲೇ ರಸ್ತೆಗೆ ಇಳಿದಿದ್ದಳು. ಅವನ ಫೋನು ಎಷ್ಟು ಬಂದರೂ ಎತ್ತಲಿಲ್ಲ.

ಡಾಕ್ಟರ್ ಸರಳಾ ಗಲ್ಲ ಪರೀಕ್ಷಿಸಿ, "ಮಾತ್ರೆ ನಿಲ್ಲಿಸಿದ್ರಾ?" ಎಂದರು.

"ಚೆನ್ನಾಗಾಯ್ತಲ್ಲ ಅಂತ..."

"ಅದಕ್ಕೇ ಬಂದಿದೆ. ಇಲ್ನೋಡಿ, ಮೊದಲ್ನೇ ದಿನ ತೆಗೆದ ಫೋಟೋ."

ಫೋಟೋದಲ್ಲಿದ್ದ ಗಲ್ಲವನ್ನು ನೋಡಿ ಯಶೋಧಾಳಿಗೆ ಆಶ್ಚರ್ಯವಾಯಿತು. ಅದು ತನ್ನದೇ? ಈಗ ಇರುವುದು ಅದರ ಕಾಲು ಭಾಗವೂ ಅಲ್ಲ!

"ಮಾತ್ರೆ ಮತ್ತೆ ಶುರು ಮಾಡಿ. ಆಗಾಗ ಇಲ್ಲಿಗೂ ಬಂದು ಹೋಗ್ಬೇಕಾಗುತ್ತೆ. ಇಷ್ಟೆಲ್ಲ ಸಾರ್ಥಕನಾ ಅಂತ ನಾನು ಹೇಳಕ್ಕಾಗಲ್ಲ. ನೀವೇ ಹೇಳ್ಬೇಕು."

ಈಚಿನ ತಿಂಗಳುಗಳಲ್ಲಿ ಸ್ಟಾಫ್ ರೂಮಿನಲ್ಲಿ ಎಲ್ಲರ ನಡುವೆ ಡಬ್ಬಿ ಬಿಚ್ಚಿ ನಗುತ್ತಾ ಉಂಡ ಮಧ್ಯಾಹ್ನಗಳು ಅವಳಿಗೆ ನೆನಪಾದವು.

"ಸಾರ್ಥಕ ಡಾಕ್ಟ್ರೇ," ಎಂದಳು.

ಹೊರಗೆ ಬಂದಾಗ ಇನ್ನೊಂದು ಮಾತೂ ಹೊಳೆಯಿತು. ಬಚ್ಚಲಿನ ಆ ಬೆಳಗುಗಳ ಬಗ್ಗೆ, ಗಲ್ಲ ಮುಟ್ಟಿ ಹಿಂದೆ ಸರಿದ ಆ ಕೈಯ ಬಗ್ಗೆ ವೇಣುವಿಗೆ ತಾನು ಯಾವತ್ತೂ ಹೇಳಿರಲೇ ಇಲ್ಲ. ಹೇಳದೆ ಅವನಿಗೆ ತಿಳಿಯುವುದಾದರೂ ಹೇಗೆ?

ಭಾನುವಾರ ವೇಣುವಿನ ಊರು ಚಿಕ್ಕಜಾಲದ ಬಸ್ಸು ಹತ್ತಿದಳು.

ಮನೆಯ ಜಗುಲಿಯಲ್ಲಿ ವೇಣುವಿನ ತಾಯಿ ಮುನಿಕೃಷ್ಣಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ಮಗನ ಫೋನಿನಲ್ಲಿ ನೋಡಿದ್ದ ಮುಖವನ್ನು ಕೂಡಲೇ ಗುರುತಿಸಿದರು.

"ಯಶೋಧಾ ಅಲ್ವೇನವ್ವ? ಇಂಗ್ ಬಾ, ಕೂತ್ಕೋ. ಅವ್ನು ಸರ್ಯಾಗಿ ಉಣ್ಣೋದೇ ಬಿಟ್ಟವ್ನೆ. ಏನ್ ಕೇಳಿದ್ರೂ ಬಾಯೇ ಬಿಡಕಿಲ್ಲ."

ಯಶೋಧಾ ಅವರ ಪಕ್ಕ ಕೂತಳು. "ಅಮ್ಮ, ನೀವು ನಮ್ಮನೆಗೆ ಬರೋ ಮೊದ್ಲು ಒಂದ್ ವಿಷ್ಯ ಹೇಳ್ಬೇಕು. ನಂಗೆ ಗಲ್ಲದ ಮೇಲೆ ಕೂದ್ಲು ಬರುತ್ತೆ. ಲೇಸರ್ ಮಾಡಿಸ್ಕೊಳ್ತಿದ್ದೀನಿ. ಆದ್ರೂ ಪೂರ್ತಿ ಹೋಗಲ್ಲ. ಮುಂದಕ್ಕೂ ಮಾಡಿಸ್ಕೊಳ್ತಾ ಇರ್ಬೇಕು."

ಮುನಿಕೃಷ್ಣಮ್ಮ ಅವಳನ್ನೇ ನೋಡಿದರು. ಆಮೇಲೆ ಅವರು ತಮ್ಮ ಗಲ್ಲವನ್ನು ಬೆಳಕಿಗೆ ಎತ್ತಿ ಹಿಡಿದರು.

"ನೋಡಿಲ್ಲಿ, ನಂಗೂ ಐತೆ. ನಂಗೂ ಮಾಡ್ತಾರಾ ಅದು?"

"ಬಿಳಿ ಕೂದಲಿಗೆ ಲೇಸರ್ ಹಿಡಿಯಲ್ಲಮ್ಮ..."

"ಥೂ ಆಳಾದ್ದು! ನೀನು ಇನ್ನೂ ಮುಂಚೇನೇ ಬರಬಾರ್ದಿತ್ತಾ!"

ನಗುತ್ತಲೇ ಯಶೋಧಾಳ ಕಣ್ಣು ತುಂಬಿಬಂತು. ತಲೆಯೆತ್ತಿದರೆ ಬಾಗಿಲಲ್ಲಿ ವೇಣು! ಎಷ್ಟು ಹೊತ್ತಿನಿಂದ ನಿಂತಿದ್ದನೋ...

ತಾಯಿ ಅವರೆಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದರು.

ಅವನು ಬಂದು ಮೆಟ್ಟಿಲ ಮೇಲೆ ಕೂತ. "ನಂಗೇನೂ ಅನ್ಸಲ್ಲ ಅಂದೆ. ನಿಮಗೇನ್ ಅನ್ಸುತ್ತೆ ಅಂತ ಕೇಳ್ಲೇ ಇಲ್ಲ. ತಪ್ಪಾಯ್ತು."

"ನಾನೂ ಹೇಳ್ಲಿಲ್ಲ. ಸುಮ್ನೆ ಎದ್ದು ಹೋದೆ." ಅವಳು ಮೆಲ್ಲಗೆ ಎಲ್ಲವನ್ನೂ ಹೇಳಿದಳು... ಬಚ್ಚಲಿನ ಬೆಳಗುಗಳು, ಆ ಅತ್ತೆಯ ಕೈ, ಅರಿಶಿನದ ಬಟ್ಟಲು. ಅವನು ಪೂರ್ತಿ ಕೇಳಿಸಿಕೊಂಡ.

"ಈಗ ಏನ್ ಮಾಡ್ತೀರ?" ಎಂದ ಕೊನೆಗೆ.

"ಲೇಸರ್‌ಗೆ ಹೋಗ್ತೀನಿ. ನನಗೋಸ್ಕರ."

"ಸರಿ. ಮತ್ತೆ... ನನ್ ವಿಷ್ಯದಲ್ಲಿ ಏನ್ ಅನ್ಸುತ್ತೆ?"

"ನಿನ್ ಜೊತೆ ಮಾತಾಡುವಾಗ ನನ್ ಗಲ್ಲ ಹೆಂಗಿದೆ ಅನ್ನೋದೇ ಮರ್ತೋಗುತ್ತೆ ವೇಣು."

ಅವನ ಮುಖ ಅರಳಿತು. "ಈಗ 'ನೀನು' ಅಂದ್ಯಲ್ಲಾ?"

"ಅಂದೆ. ಇನ್ಮೇಲೂ ಹಂಗೇ ಅಂತೀನಿ."