ಬರಿಬಾಯಲ್ಲಿ ಹೊರಡಬಾರದು

ಒಂದಾನೊಂದು ಕಡಲೂರಿನಲ್ಲಿ ಒಬ್ಬ ಹುಡುಗಿಯ ರಕ್ತನಾಳಗಳೊಳಗೆ ಬೆಂಕಿಹಾವು ಸೇರಿಕೊಂಡಿತ್ತಂತೆ. ಅದು ಎಲ್ಲಿ ಮಲಗಿದೆಯೆಂದು ಯಾರಿಗೂ ಕಾಣದು...

ಹುಡುಗಿ ಅಂಕೋಲೆಯ ಕೇಣಿಯವಳು, ಪ್ರಗತಿ. 2007ರಲ್ಲಿ ಕಾರವಾರದ ಆಸ್ಪತ್ರೆಯಲ್ಲಿ ಅವಳ ಎಡಗೈ ಹಿಡಿದವನು ಇಸಿಜಿ ತೆಗೆಯುವ ವಿಕಾಸ.

"ನಾಡಿಯೇ ಸಿಗ್ತಿಲ್ಲ. ಸತ್ತು ಎಷ್ಟು ದಿನ ಆಯ್ತು?"

"ನೀವು ಹಿಡಿದ ಮೇಲೇ."

ಅವನು ನಗಲಿಲ್ಲ. ಕೈಯನ್ನೂ ಬಿಡಲಿಲ್ಲ. ರಕ್ತನಾಳ ಉರಿದು ಕಟ್ಟಿಕೊಳ್ಳುವ ಕಾಯಿಲೆ ಎಂದರು ವೈದ್ಯರು, ಎಲ್ಲೆಲ್ಲಿ ಉರಿಯುತ್ತಿದೆಯೆಂದು ಮಾತ್ರ ತಿಳಿಯಲಿಲ್ಲ.

ಮದುವೆಯ ಮಾತು ಬಂದಾಗ ವಿಕಾಸನ ತಾಯಿ ಹೀರಾ ಪ್ರಗತಿಯ ಎದುರೇ ಅಂದಳು, "ಹೆಣಕ್ಕೆ ಯಾರಾದ್ರೂ ತಾಳಿ ಕಟ್ತಾರನಾ?"

ವಿಕಾಸ ಪ್ರಗತಿಗೆ ಮಾತು ಕೊಟ್ಟ. "ಮುಂಬಯಿಯಲ್ಲಿ ಹೊಸ ಸ್ಕ್ಯಾನ್ ಬಂದದೆ. ಕೊಯ್ಯೂದಿಲ್ಲ. ಬೆಳಗೋ ಸಕ್ಕರೆ ರಕ್ತಕ್ಕೆ ಬಿಡ್ತಾರೆ, ಉರೀತಿರೋ ನಾಳ ಅದನ್ನ ಹೀರಿ ಚಿತ್ರದಲ್ಲಿ ಹೊಳೀತದೆ. ಮಾಡಿಸೇ ಮಾಡಿಸ್ತೆ. ನೀನು ಅವತ್ತು ಬರೀ ಹೊಟ್ಟೇಲಿರಬೇಕು, ಅಷ್ಟೇ."

ಸ್ಕ್ಯಾನಿನ ದಿನ, ಮುಂಬಯಿಯ ನೆಂಟರ ಮನೆ. ವಿಕಾಸ ಟ್ಯಾಕ್ಸಿ ಹಿಡಿಯಲು ಕೆಳಗಿಳಿದಿದ್ದ. ಜೊತೆಗೆ ಬಂದಿದ್ದ ಹೀರಾ ಹೊಸ್ತಿಲಲ್ಲಿ ಪ್ರಗತಿಯನ್ನು ತಡೆದು ಬೆಲ್ಲದ ಉಂಡೆ ಬಾಯಿಗೆ ಹಿಡಿದಳು.

"ಒಳ್ಳೆ ಕೆಲಸಕ್ಕೆ ಬರಿಬಾಯಲ್ಲಿ ಹೊರಡಬಾರ್ದು. ತಿನ್ ಗೋ, ಮಗಳೇ."

ಮಗಳೇ... ಹೆಣವೆಂದ ಬಾಯಿಂದ! ಒಲ್ಲೆನೆಂದರೆ ಈ ಮಾತು ಮತ್ತೆ ಸಿಕ್ಕೀತೇ? ಪ್ರಗತಿ ನುಂಗಿದಳು. ಎರಡನೆಯದನ್ನೂ.

ಸ್ಕ್ಯಾನ್ ಕೇಂದ್ರದವರು ರಕ್ತ ನೋಡಿ ವಾಪಸು ಕಳಿಸಿದರು. ಸಿಹಿ ತಿಂದ ರಕ್ತದಲ್ಲಿ ಚಿತ್ರ ಸರಿಯಾಗಿ ಮೂಡದು. ಮುಂದಿನ ಸರದಿ ತಿಂಗಳುಗಳಾಚೆ.

"ಏನು ತಿಂದೆ?" ಎಂದ ವಿಕಾಸ.

ಪ್ರಗತಿ ಹೀರಾಳನ್ನು ನೋಡಿದಳು. ಹೀರಾ ನೆಲ ನೋಡಿದಳು.

"ಬೆಲ್ಲ... ಹಸಿವಾಯ್ತು."

"ಸಾಯೂದೇ ಇಷ್ಟ ಇದ್ರೆ ಕೇಣಿ ಸಮುದ್ರ ಸಾಕಿತ್ತಲ್ಲ. ನನ್ನನ್ನ ಯಾಕೆ ಇಲ್ಲೀವರೆಗೆ ಎಳೆದೆ?"

ಅವನು ಮತ್ತೆ ಕೇಣಿಗೆ ಬರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಅವಳ ಎಡಗಣ್ಣು ಮಂಜಾಗಿ, ಆರಿಯೇ ಹೋಯಿತು.

ಸುದ್ದಿ ಕೇಳಿದ ದಿನ ಹೀರಾ ಒಲೆ ಹಚ್ಚಲಿಲ್ಲ. "ಆ ಬೆಲ್ಲ ನಾನೇ ತಿನ್ಸಿದ್ದು, ಬಾಬಾ" ಎಂದಳು ಮಗನಿಗೆ.

ವಿಕಾಸ ಕೇಣಿಗೆ ಓಡಿದ. ಪ್ರಗತಿ ಒಣಮೀನು ತಿರುವಿ ಹಾಕುತ್ತಿದ್ದಳು.

"ಯಾಕೆ ಹೇಳ್ಲಿಲ್ಲ?"

"ಏನು ತಿಂದೆ ಅಂತ ಕೇಳಿದ್ರಿ. ಯಾಕೆ ತಿಂದೆ ಅಂತ ಕೇಳಿದ್ರಾ?"

ಅವನು ಮೀನಿನ ಪಕ್ಕ ಕುಕ್ಕರಿಸಿದ. "ಇನ್ನೊಂದು ಕಣ್ಣು ಉಳ್ಸೂಕಾದ್ರೂ ಬಾ. ಆಮೇಲೆ ನಿನ್ನ ದಾರೀಲಿ ಬರೂದಿಲ್ಲ."

ಮತ್ತೆ ಮುಂಬಯಿಗೆ ಬಂದಳು, ಈ ಸಲ ಬರೀ ಹೊಟ್ಟೆಯಲ್ಲಿ. ಯಂತ್ರ ಅವಳನ್ನು ಒಳಗೆಳೆದುಕೊಂಡು ಹೊರಗೆ ಬಿಟ್ಟಿತು. ಸಂಜೆ ಚಿತ್ರ ಕೈಗೆ ಬಂತು. ಕುತ್ತಿಗೆಯಿಂದ ಎದೆಯವರೆಗೆ ಕೆಂಡದ ಗೆರೆ.

"ಜಾಗ ಸಿಕ್ತು. ಡಾಕ್ಟ್ರು ಇವತ್ತೇ ಔಷಧ ಶುರು ಮಾಡ್ತಾರಂತೆ," ಎಂದ ವಿಕಾಸ. "ಕೊಟ್ಟ ಮಾತು ಮುಗೀತು. ನಾನಿನ್ನು ಹೋಗ್ತೆ."

"ಎಡಗಡೆ ನಿಂತು ಮಾತಾಡಬೇಡಿ, ಕಾಣೂದಿಲ್ಲ. ಈ ಕಡೆ ಬನ್ನಿ."

ಅವನು ಬಲಕ್ಕೆ ಬಂದ.

"ಹಾಂ, ಈಗ ಹೇಳಿ... ಎಲ್ಲಿಗೆ ಹೋಗೂದು?"

"ಎಲ್ಲಿಗೂ ಇಲ್ಲ."