ಮೂರನೆಯ ಕಂಬದ ತಕರಾರು

“ಇದು ಸೇತುವೆಯೋ, ವಿಡಿಯೋ ಗೇಮೋ?”

ಕಾಪು ಸಮೀಪದ ಹೊಳೆದಂಡೆಯಲ್ಲಿ ಎಲ್ಲರೆದುರು ಜಿತೇಶ್ ಹೀಗೆ ಕೇಳಿದಾಗ, ತೃಷಾಳಿಗೆ ಲ್ಯಾಪ್‌ಟಾಪನ್ನು ಅವನ ತಲೆಗೇ ಕುಕ್ಕಬೇಕೆನಿಸಿತು. ಮೊದಲ ಭೇಟಿಯಲ್ಲೇ ಇಷ್ಟು ಕೊಬ್ಬು...

ಆ ಹೊಸ ಸೇತುವೆ ಕಟ್ಟಿಸಿದ ಎಂಜಿನಿಯರ್ ಅವನು. ಅವಳು ಮಣಿಪಾಲದಿಂದ ಬಂದವಳು. ಕಂಬಗಳಿಗೆ ಸೆನ್ಸರ್ ಕೂರಿಸಿ, ಕಂಪ್ಯೂಟರಿನಲ್ಲಿ ಅದೇ ಸೇತುವೆಯ ಮಾದರಿ ನಿಲ್ಲಿಸಿದ್ದಳು. ಮೂರನೆಯ ಕಂಬ ಹೆಚ್ಚು ಅಲುಗುತ್ತಿದೆ, ಅಪಾಯದಲ್ಲಿದೆ ಎಂದು ಅವಳ ಎಐ ಹೇಳುತ್ತಿತ್ತು. ಅದು ನಿಜವಾದರೆ ಸೇತುವೆ ಮುಚ್ಚಬೇಕು, ಅವನ ಹೆಸರು ಮಣ್ಣುಪಾಲು. ಮುಚ್ಚದೆ ಕಂಬ ಕುಸಿದರೆ ದಿನಾ ಓಡಾಡುವ ಬಸ್ಸುಗಳ ಗತಿ?

“ಮಾದರಿಗೆ ಯಾವಾಗಿನ ಲೆಕ್ಕ ಕೊಟ್ಟದ್ದು?” ಜಿತೇಶ್ ಕೇಳಿದ.

“ಬೇಸಿಗೆಯದ್ದು.”

ಅವನು ನಕ್ಕ. “ಬೇಸಿಗೆಯಲ್ಲಿ ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಿಗೆ ಮರಳು ಕಟ್ಟಿರ್ತದೆ ಮಾರಾಯ್ರೆ. ಈಗ ಮಳೆಗೆ ಬಾಯಿ ತೆರೆದು ಸಮುದ್ರದ ನೀರು ಒಳಗೆ ನುಗ್ತಾ ಉಂಟು. ಕಂಬ ಅಲುಗದೆ ಎಂತ ಮಾಡ್ತದೆ? ಇಷ್ಟೂ ಗೊತ್ತಿಲ್ವಾ ನಿಮ್ಮ ಎಐಗೆ?”

ತೃಷಾಳ ಕೆನ್ನೆ ಉರಿಯಿತು. ಪಡುಬಿದ್ರಿಯಲ್ಲಿ ಹುಟ್ಟಿದವಳು ತಾನು, ಇದು ಹೇಗೆ ಮರೆತುಹೋಯಿತು? ಆದರೂ ಬಿಡಲಿಲ್ಲ.

“ಹಾಗಾದ್ರೆ ಎಲ್ಲ ಕಂಬಗಳೂ ಒಂದೇ ರೀತಿ ಅಲುಗಬೇಕಲ್ವಾ? ಇದೊಂದೇ ಯಾಕೆ ಹೆಚ್ಚು?”

“ಅದನ್ನು ಎಐ ಹತ್ರವೇ ಕೇಳಿ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಇವನದು. ಥೂ! ಹಾಗಿದ್ದೂ ಅವನು ಹೋದ ದಾರಿಯನ್ನೇ ನೋಡುತ್ತಾ ನಿಂತಿದ್ದಕ್ಕೆ ಅವಳಿಗೆ ತನ್ನ ಮೇಲೂ ಅಸಹ್ಯವಾಯಿತು.

ಮರುದಿನ ಬಂದರೆ, ಸೆನ್ಸರ್‌ಗಳ ಲೆಕ್ಕ ಹಿಡಿಯಲು ದಂಡೆಯಲ್ಲಿಟ್ಟಿದ್ದ ಅವಳ ಯಂತ್ರದ ಪೆಟ್ಟಿಗೆಯೇ ಇಲ್ಲ! ಜಿತೇಶ್ ಮಾತ್ರ ಅಡಿಯಿಂದ ಮುಡಿಯವರೆಗೆ ಒದ್ದೆಯಾಗಿ ನಿಂತಿದ್ದ.

“ಪೆಟ್ಟಿಗೆ ಎಲ್ಲಿ ಬಿಸಾಡಿದ್ರಿ? ನನ್ನ ಕೆಲಸ ಹಾಳು ಮಾಡಿ ಸಮಾಧಾನ ಆಯ್ತಾ?”

“ನನ್ನ ಕಾರಿನಲ್ಲಿ ಉಂಟು. ಕ್ರೇನ್ ಬರ್ತದೆ, ಅಡಿಗೆ ಸಿಕ್ಕಿದ್ರೆ ಪುಡಿ ಆಗ್ತದೆ.”

“ಕ್ರೇನ್ ಯಾಕೆ?”

“ನೀರು ಇಳಿದಾಗ ಮುಳುಗಿ ನೋಡಿದೆ. ಮೂರನೆಯ ಕಂಬದ ಬುಡದ ಮರಳು ಕೊಚ್ಚಿ ಹೋಗಿದೆ. ಜಿಲ್ಲಾಧಿಕಾರಿಗೆ ಹೇಳಿ ಸೇತುವೆ ಬಂದ್ ಮಾಡಿಸಿದೆ. ಬುಡಕ್ಕೆ ಕಲ್ಲು ತುಂಬಿಸಲಿಕ್ಕೆ ಕ್ರೇನ್.”

“ನೀವೇ?”

“ಬೇಡ ಅಂತ ಹೇಳಿತು ನಮ್ಮ ಕಂಪೆನಿ. ಈಗ ನಾನೂ ಅವರಿಗೆ ಬೇಡ.”

ಕೆಲಸ ಕಳೆದುಕೊಂಡವನು ಅವನು, ಅಳು ಬಂದದ್ದು ಇವಳಿಗೆ.

“ಎಐಯನ್ನು ನಂಬಿದ್ರಾ?”

“ಅದನ್ನು ಯಾರು ನಂಬ್ತಾರೆ? ‘ಇದೊಂದೇ ಯಾಕೆ’ ಅಂತ ಕೇಳಿದ್ರಲ್ಲ... ಆಗಿನ ನಿಮ್ಮ ಮುಖ ನಿದ್ದೆ ಮಾಡಲಿಕ್ಕೆ ಬಿಡಲಿಲ್ಲ.”

“ನಿಮ್ಮ ಮೇಲೆ ನನಗೆ ಇನ್ನೂ ಸಿಟ್ಟುಂಟು.”

“ಇರಲಿ. ಸಿಟ್ಟು ಇರುವಷ್ಟು ದಿನ ಜಗಳಕ್ಕಾದ್ರೂ ಬರ್ತೀರಲ್ಲ.”

ಅವಳು ಶಾಲಿನಲ್ಲಿ ಕಣ್ಣೊರೆಸಿಕೊಂಡಳು.

“ಸಿಟ್ಟು ಇಳಿದ ಮೇಲೂ ಬರ್ತೇನೆ, ಜಿತೇಶ್.”