ನಾಲ್ಕನೆಯ ಗೀರು

“ಆ ಮೂಳೆ ಮುಟ್ಬೇಡಿ ಅಳಿಯಂದಿರೇ. ಅದಕ್ಕೆ ಮಾಟ ಮಾಡ್ಸಿದ್ದಾರೆ.”

ಅತ್ತೆ ಕೆಲಸದ ಕೋಣೆಯೊಳಗೆ ಕಾಲಿಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದೇ ನಿಂತಿದ್ದರು. ಗಿಟಾರ್ ಮಾಡುತ್ತಿದ್ದ ಮಾವ ತೀರಿಕೊಂಡ ಮೇಲೆ, ಅವರ ಕೆಲಸ ಮುಂದುವರಿಸಲೆಂದು ಅಳಿಯ ಹೆಂಡತಿ ಮಗಳೊಂದಿಗೆ ಆ ಮನೆಗೆ ಬಂದು ಇನ್ನೂ ವಾರ ತುಂಬಿರಲಿಲ್ಲ. ಮಾವ ಅರ್ಧಕ್ಕೆ ಬಿಟ್ಟ ಬೇಸ್ ಗಿಟಾರ್ ಮೇಜಿನ ಮೇಲಿತ್ತು. ಬಾಕಿ ಇದ್ದದ್ದು ನಟ್ ಒಂದೇ: ಕತ್ತಿನ ತುದಿಯಲ್ಲಿ ನಾಲ್ಕು ತಂತಿಗಳನ್ನು ನಾಲ್ಕು ಗೀರುಗಳಲ್ಲಿ ಎತ್ತಿ ಹಿಡಿಯುವ ಪುಟ್ಟ ಪಟ್ಟಿ. ಅದಕ್ಕೆ ಹೇಳಿ ಮಾಡಿಸಿದಂಥ ಮೂಳೆಯ ತುಂಡೊಂದು, ಕಪ್ಪು ದಾರ ಸುತ್ತಿಕೊಂಡು, ಹಲಗೆಗಳ ಹಿಂದೆ ಸಿಕ್ಕಿತ್ತು.

“ಯಾರು ಮಾಡ್ಸಿದ್ದು?”

“ನಿಮ್ಮ ಮಾವನ ಜೊತೆ ಕೆಲಸ ಮಾಡ್ತಿದ್ದವನು. ಜಗಳ ಆಡ್ಕೊಂಡು ಹೋದ, ಇದನ್ನ ಕಳಿಸ್ದ. ಇದರಲ್ಲಿ ಗೀರು ಕೊಯ್ದವರ ಮನೆ ಮೂಕ ಆಗುತ್ತಂತೆ. ಬೆಂಕಿಗೆ ಹಾಕಿದ್ವಿ, ಸುಟ್ಟುಹೋಗ್ಲಿಲ್ಲ. ಹೂತ್ವಿ, ನಾಯಿ ಕೆದಕಿ ತಂದು ಬಾಗಿಲಲ್ಲಿ ಹಾಕ್ತು. ಬಿಡಿಸ್ಕೊಳ್ಳೋಕೆ ಒಂದೇ ದಾರಿ, ಅದೂ...”

“ಮನೆ ಮೂಕ ಆದ್ರೆ ಒಳ್ಳೇದೇ ಆಯ್ತಲ್ಲ ಅತ್ತೆ, ಕೆಲಸಕ್ಕೆ ನೆಮ್ಮದಿ!” ನಗುತ್ತಲೇ ಅವನು ಬಾಗಿಲು ಮುಚ್ಚಿಕೊಂಡ.

ಮೂಳೆಯನ್ನು ಉಪ್ಪುಕಾಗದದ ಮೇಲೆ ಉಜ್ಜಿ ತಳ ಮಟ್ಟ ಮಾಡಿದ. ಸುಟ್ಟ ಕೂದಲಿನ ವಾಸನೆ ಎದ್ದು ಗಂಟಲಿಗೆ ಅಂಟಿತು. ಕತ್ತಿನ ಕಚ್ಚಿನಲ್ಲಿ ಕೂರಿಸಿದರೆ, ಒಸಡಿನಲ್ಲಿ ಹಲ್ಲು ಕೂತಂತೆ ಬಿಗಿಯಾಗಿ ಕೂತಿತು. ದಪ್ಪ ತಂತಿಗೆ ತಕ್ಕ ಅರ ಹಿಡಿದು ಮೊದಲ ಗೀರು ಕೊಯ್ದ. ತಂತಿ ಬಿಗಿದು ಮೀಟಿದ. ಯಾರೋ ಮುದುಕಿ ನರಳಿದಂತೆ ಕೇಳಿಸಿತು. ಅಡುಗೆಮನೆಯಲ್ಲಿ ಗೊಣಗುತ್ತಿದ್ದ ಅತ್ತೆ ತಟ್ಟನೆ ಸುಮ್ಮನಾದರು. ಸದ್ಯ, ಬಚಾವ್ ಎಂದುಕೊಂಡ.

ಎರಡನೆಯ ಗೀರು. ಪಕ್ಕದ ಕೋಣೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ ಹೆಂಡತಿಯ ದನಿ ಅರ್ಧ ಮಾತಿನಲ್ಲೇ ನಿಂತಿತು. ಹಾಡುಹಗಲೇ ಕೋಣೆ ಮಬ್ಬಾಯಿತು. ಕಿಟಕಿಯ ಗಾಜಿಗೆ ಬೂದಿ ಮೆತ್ತಿದಂತಿತ್ತು. ಮೂಳೆಪುಡಿ ಬೆರಳಿನಲ್ಲಿ ಬೆಚ್ಚಗೆ ಅಂಟಿತು. ಕೈ ತಡೆಯಬೇಕೆನಿಸಿತು. ಅಷ್ಟರಲ್ಲಿ ಅರ ಮೂರನೆಯ ಗೀರಿಗೆ ಇಳಿದುಬಿಟ್ಟಿತ್ತು.

ತಂತಿ ಬಿಗಿದ. ಮೀಟಿದ.

“ಅಪ್ಪಾ,” ಎಂದಿತು ತಂತಿ.

ಮಗಳ ದನಿ. ಅವಳದೇ. ಅಂಗಳದಲ್ಲಿ ಅವಳು ಪಾಠ ಓದುತ್ತಿದ್ದ ಸದ್ದು ಈಗಿಲ್ಲ. ಮನೆಯಲ್ಲಿ ಎಲ್ಲೂ ಸದ್ದಿಲ್ಲ. ಬಾಗಿಲು ತೆರೆದ. ಮೂವರೂ ಅಲ್ಲೇ ನಿಂತಿದ್ದರು. ಮಗಳು ಬಾಯಿ ತೆರೆದು ಚೀರುತ್ತಿದ್ದಳು, ಉಸಿರು ಮಾತ್ರ ಬರುತ್ತಿತ್ತು. ಹೆಂಡತಿ ಎರಡೂ ಕೈಯಿಂದ ತನ್ನ ಕತ್ತು ಹಿಡಿದುಕೊಂಡಿದ್ದಳು.

“ಈಗ ಬಿಡಿಸ್ತೀನಿ! ಒಡೆದು ಹಾಕ್ತೀನಿ ಅದನ್ನ!”

ಸುತ್ತಿಗೆ ಎತ್ತಿದ. ಅತ್ತೆ ಓಡಿಬಂದು ರಟ್ಟೆಗೆ ಜೋತುಬಿದ್ದರು. ತಲೆಯಾಡಿಸಿದರು. ಅರ ಎತ್ತಿ ಅವನ ಕೈಗೆ ತುರುಕಿದರು. ಮೂಳೆಯ ಖಾಲಿ ಜಾಗ ತೋರಿಸಿದರು, ಮತ್ತೆ ಅವನ ಗಂಟಲು ತೋರಿಸಿದರು. ಅವನಿಗೆ ಒಂದೂ ತಿಳಿಯಲಿಲ್ಲ. ಅವರನ್ನು ಕೊಡವಿ ದೂಡಿದ. ಬಡಿದ. ಮೂಳೆ ಸಿಡಿಯಿತು. ಮೂರು ಕೂಗು ಒಟ್ಟಿಗೆ ಎದ್ದು, ತೆಳ್ಳಗಾಗಿ, ಗಾಳಿಯಲ್ಲಿ ಆರಿಹೋದವು.

ಅತ್ತೆ ನೆಲಕ್ಕೆ ಕುಸಿದರು. ಆಮೇಲೆ ಎದ್ದು, ಮೇಜಿನ ಮೇಲಿನ ಪುಡಿಯಲ್ಲಿ ಬೆರಳಾಡಿಸಿ ಬರೆದರು: ‘ನಾಲ್ಕನೆಯದನ್ನೂ ಕೊಯ್ದಿದ್ದರೆ ನಿಮ್ಮ ದನಿ ಹೋಗುತ್ತಿತ್ತು. ನಮ್ಮದು ಬರುತ್ತಿತ್ತು.’

ಅವನು ಓದಿದ. ಮತ್ತೆ ಓದಿದ. ನೆಲದ ಮೇಲೆ ಕೂತು ಗೋಡೆಗೆ ತಲೆ ಚಚ್ಚಿಕೊಂಡು ಅತ್ತ. ಆ ಮನೆಯಲ್ಲಿ ಅಳುವ ಸದ್ದು ಅವನದೊಂದೇ. ಮಗಳು ಬಂದು ಅವನ ತೊಡೆಯ ಮೇಲೆ ಕೂತಳು, ಅವನ ಮುಖ ತನ್ನ ಕಡೆ ತಿರುಗಿಸಿಕೊಂಡು ಏನೋ ಕೇಳಿದಳು. ತುಟಿ ನೋಡಿ ಅರ್ಥ ಮಾಡಿಕೊಳ್ಳಲು ಅವನಿಗೆ ಬರಲಿಲ್ಲ. ಅವಳು ಮತ್ತೆ ಕೇಳಿದಳು.